ಕೋವಿಗೆ ಒಪ್ಪುವ ತೋಟೆ: ಒಂದು ಪರೀಕ್ಷೆ ಬೆಳೆದುಬಂದ ಬಗೆ

ಉದ್ಯಾವರ, ಕಾಪು, ಕಾರ್ಕಳದ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಕೃಷಿಕರ ಮನೆಗಳಲ್ಲಿ ಇಂದಿಗೂ ಇವೆ. ಚುನಾವಣೆ ಘೋಷಣೆಯಾಗಿ ಠಾಣೆಯಲ್ಲಿ ಠೇವಣಿ ಇಡುವ ಹೊತ್ತಿಗೆ ಮಾತ್ರ ಅವು ಸುದ್ದಿಯಾಗುತ್ತವೆ. ಕೇಪಿನ ಕೋವಿ ಹಿಡಿದ ಹಿರಿಯರಿಗೆ ಒಂದು ವಿದ್ಯೆ ತಿಳಿದಿತ್ತು. ಮದ್ದು ಎಷ್ಟು ಹಾಕಬೇಕು, ಅದರ ಮೇಲೆ ತೆಂಗಿನ ನಾರನ್ನು ಎಷ್ಟು ಬಿಗಿಯಾಗಿ ಗಿಡಿಯಬೇಕು, ಚರೆ ಎಷ್ಟು ಸುರಿಯಬೇಕು ಎಂಬುದನ್ನು ಅವರು ತಮ್ಮ ಕೋವಿಯ ಗುಣ ನೋಡಿಯೇ ನಿರ್ಧರಿಸುತ್ತಿದ್ದರು. ತೋಟೆ ಕೋವಿ ಬಂದ ಮೇಲೆ ಆ ನಿರ್ಧಾರ ಕಾರ್ಖಾನೆಯ ಪಾಲಾಯಿತು. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡುವುದಿಲ್ಲ. ಹಾಗಾಗಿ ನಮ್ಮ ಗುರಿಕಾರರಿಗೆ ಉಳಿದಿರುವುದು ಆಯ್ಕೆಯೊಂದೇ. ಆಯ್ದುಕೊಳ್ಳಬೇಕಾದರೆ ಪರೀಕ್ಷಿಸಲೇಬೇಕು. ಒಂದೇ ಪೆಟ್ಟಿಗೆಯ ತೋಟೆ ಒಂದು ರೈಫಲಿನಲ್ಲಿ ಗುರಿಯ ನಡುವಿಗೇ ಹೋಗಿ ಸೇರುತ್ತದೆ, ಅದೇ ಮಾದರಿಯ ಇನ್ನೊಂದರಲ್ಲಿ ಚೆದುರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಜಗತ್ತಿಗೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಅಳತೆಯ ಕೆಲಸ ಶುರುವಾದದ್ದು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಅವರಿಂದ. 1742ರ ತಮ್ಮ ಗ್ರಂಥದಲ್ಲಿ ಅವರು ಗುಂಡಿನ ವೇಗ ಅಳೆಯುವ ಉಪಾಯವೊಂದನ್ನು ಕೊಟ್ಟರು. ತೂಗುಬಿಟ್ಟ ಭಾರಕ್ಕೆ ಗುಂಡು ಹೊಡೆದು, ಅದು ಎಷ್ಟು ದೂರ ತೂಗಿತೆಂದು ನೋಡಿ ಲೆಕ್ಕ ಹಾಕುವ ಉಪಾಯವದು. ನಳಿಗೆಯೊಳಗೆ ಸುರುಳಿ ಗೀರುಗಳಿದ್ದರೆ ಗುಂಡು ತಿರುಗುತ್ತ ನೇರ ಹೋಗುತ್ತದೆ ಎಂದೂ ವಾದಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು 1751ರಲ್ಲಿ ಅವರು ತೀರಿಕೊಂಡದ್ದು ನಮ್ಮ ದಕ್ಷಿಣದಲ್ಲೇ, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ.

1850ರ ದಶಕದಲ್ಲಿ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಪರೀಕ್ಷೆಗೆಂದೇ ಮ್ಯಾಂಚೆಸ್ಟರಿನ ತಮ್ಮ ಮನೆಯ ಬಳಿ 500 ಗಜ ಉದ್ದದ ಮುಚ್ಚಿದ ಗ್ಯಾಲರಿ ಕಟ್ಟಿಸಿದರು. ಒಳಗೆ ಗಾಳಿಯ ಕಾಟವಿಲ್ಲ. ಹಾಗಾಗಿ ಗುಂಡು ಅತ್ತಿತ್ತ ಹೋದರೆ ತಪ್ಪು ರೈಫಲಿನದು ಅಥವಾ ಗುಂಡಿನದು. ಆಗಿನ ಎನ್‌ಫೀಲ್ಡ್ ರೈಫಲಿನಲ್ಲಿ ಗುಂಡು ಒಂದು ಸುತ್ತು ಮುಗಿಸಲು 78 ಅಂಗುಲ ಬೇಕಿತ್ತು. ವಿಟ್‌ವರ್ತ್ ಅದನ್ನು 20 ಅಂಗುಲಕ್ಕೆ ಇಳಿಸಿದರು, ಆರು ಮೂಲೆಯ ನಳಿಗೆಗೆ ತಕ್ಕ ಆರು ಮೂಲೆಯ ಗುಂಡನ್ನೂ ಮಾಡಿದರು. ನಳಿಗೆ ಮತ್ತು ಗುಂಡನ್ನು ಜೋಡಿಯಾಗಿ ನೋಡಬೇಕೆಂಬ ತಿಳಿವಳಿಕೆ ಬೇರೂರಿದ್ದು ಇಲ್ಲಿಂದ.

ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಇಷ್ಟವಾದವರು ಅಮೆರಿಕದ ವೈದ್ಯ ಫ್ರಾಂಕ್ಲಿನ್ ಮ್ಯಾನ್. ಅಲುಗದ ಕಾಂಕ್ರೀಟ್ ಕಟ್ಟೆಯ ಮೇಲೆ ಬರಿಯ ಬ್ಯಾರಲ್ ಇಟ್ಟು, ಮನುಷ್ಯನ ಕೈಯನ್ನೇ ಲೆಕ್ಕದಿಂದ ತೆಗೆದುಹಾಕಿದರು. ಆಮೇಲೆ ಬೇಕೆಂದೇ ಗುಂಡುಗಳನ್ನು ಕೆಡಿಸಿ ಹೊಡೆದರು. ಮೂತಿ ಜಜ್ಜಿದ ಗುಂಡು ಹೆಚ್ಚುಕಡಿಮೆ ಗುರಿಗೇ ಹೋಯಿತು. ಬುಡದ ಅಂಚಿನಲ್ಲಿ ಸ್ವಲ್ಪ ಕೆತ್ತಿದ ಗುಂಡು ದಾರಿ ತಪ್ಪಿತು. ಬ್ಯಾರಲಿನ ಬಾಯಿಂದ ಕೊನೆಗೆ ಹೊರಬರುವುದು ಬುಡ. ಅದು ಓರೆಯಾಗಿದ್ದರೆ ಗ್ಯಾಸು ಒಂದು ಬದಿಯಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. 1909ರಲ್ಲಿ ಅವರ ಪುಸ್ತಕ ಹೊರಬಂದ ಮೇಲೆ, ಕಣ್ಣಿಗೆ ಚೆಂದ ಕಾಣುವ ಗುಂಡೇ ಒಳ್ಳೆಯ ಗುಂಡು ಎನ್ನುವ ನಂಬಿಕೆಗೆ ಆಧಾರ ಉಳಿಯಲಿಲ್ಲ.

ಆದರೂ ಒಂದು ತಪ್ಪು ಬಹುಕಾಲ ಉಳಿಯಿತು, ಈಗಲೂ ಇದೆ: ಮೂರು ಗುಂಡು ಹೊಡೆದು ತೀರ್ಪು ಕೊಡುವುದು. 1964ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ಗ್ರಬ್ಸ್ ರೈಫಲ್ ಹೊಡೆಯುವವರಿಗೂ ಉಪಯೋಗವಾಗುವ ಲೆಕ್ಕದ ಪುಸ್ತಕ ಬರೆದರು. ಒಂದೇ ಗುರಿಗೆ ಸಾಲಾಗಿ ಹೊಡೆದ ಗುಂಡುಗಳ ತೂತುಗಳ ಗುಂಪೇ ಗ್ರೂಪ್; ಅದರ ಅಳತೆ ಎಂದರೆ ಒಂದಕ್ಕೊಂದು ಅತಿ ದೂರ ಬಿದ್ದ ಎರಡು ತೂತುಗಳ ಅಂತರ. ಅದೇ ರೈಫಲ್, ಅದೇ ತೋಟೆ ಇದ್ದರೂ ಹತ್ತು ಗುಂಡಿನ ಗ್ರೂಪು ಮೂರು ಗುಂಡಿನದಕ್ಕಿಂತ ಸರಾಸರಿ 1.6 ಪಟ್ಟು ದೊಡ್ಡದಾಗಿರುತ್ತದೆ. ಮೂರೇ ಗುಂಡಿನಲ್ಲಿ ಕಂಡ ಚೆಂದ ಎಷ್ಟೋ ಸಲ ಬರಿಯ ಅದೃಷ್ಟ.

ಈ ಪಾಠಗಳೆಲ್ಲ ಒಟ್ಟಾಗಿ ಸೇರಿದ್ದು .22 ಸ್ಪರ್ಧಾ ರೈಫಲಿನಲ್ಲಿ. 50 ಮೀಟರ್ ದೂರದ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್. ದಶಮಾಂಶದ ಅಂಕ ಬಂದ ಮೇಲೆ 0.8 ಮಿಲಿಮೀಟರ್ ಸರಿದರೂ 0.1 ಅಂಕ ಹೋಯಿತು. ಇಂಗ್ಲೆಂಡಿನ ಎಲಿ ಮತ್ತು ಜರ್ಮನಿಯ ಶೋನೆಬೆಕ್‌ನಲ್ಲಿರುವ ಲಾಪುವಾ ಪರೀಕ್ಷಾ ಕೇಂದ್ರಗಳಿಗೆ ಸ್ಪರ್ಧಿಗಳು ತಮ್ಮ ರೈಫಲ್ ಹೊತ್ತು ಹೋಗುತ್ತಾರೆ. ಹಿಡಿಕೆ ಬಿಚ್ಚಿ, ಬ್ಯಾರಲನ್ನು ಹಿಡಿಕಟ್ಟಿಗೆ ಬಿಗಿದು ಒಂದೊಂದು ಲಾಟಿನಿಂದಲೂ, ಅಂದರೆ ಒಂದೇ ಸಲಕ್ಕೆ ತಯಾರಾದ ತೋಟೆಗಳ ಒಂದೊಂದು ಕಂತಿನಿಂದಲೂ, ಗ್ರೂಪ್ ಹೊಡೆಯುತ್ತಾರೆ. ಯಂತ್ರ, ಸೀಸ, ಮದ್ದು ಎಲ್ಲವೂ ಒಂದೇ. ಹೆಸರೂ ಬೆಲೆಯೂ ಒಂದೇ. ಆದರೂ ಪರದೆಯ ಮೇಲೆ ಒಂದು ಲಾಟ್ ಒಂದೇ ತೂತಿನಂತೆ ಕೂಡಿಕೊಂಡರೆ ಮತ್ತೊಂದು ಹರಡಿಕೊಳ್ಳುತ್ತದೆ. ಗುಂಡು ಹಾರುವಾಗ ಬ್ಯಾರಲ್ ಕಂಪಿಸುತ್ತದೆ. ಆ ಲಾಟಿನ ವೇಗ ಮತ್ತು ಗಾತ್ರ ಆ ಬ್ಯಾರಲಿನ ಕಂಪನಕ್ಕೂ ಒಳ ಅಳತೆಗೂ ಹೊಂದಿದರೆ ಮಾತ್ರ ಗ್ರೂಪ್ ಕೂಡುತ್ತದೆ. ಒಪ್ಪಿದ ಲಾಟನ್ನು ಇಡೀ ವರ್ಷಕ್ಕೆ ಸಾಕಾಗುವಷ್ಟು ಕೊಳ್ಳುತ್ತಾರೆ.

ನಮ್ಮಲ್ಲಿ ಪುಣೆ ಬಳಿಯ ಖಡ್ಕಿಯ ಮದ್ದುಗುಂಡು ಕಾರ್ಖಾನೆ 1869ರದು. ಸೇನೆಯ .303 ತೋಟೆ ಜನರ ಕೈಯ ರೈಫಲಿಗೆ ಹೊಂದಬಾರದೆಂದು ಬ್ರಿಟಿಷರ ಕಾಲದಲ್ಲಿ ಬಂದ .315 ಬೋರ್ ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ ತೋಟೆಯ ಆಯ್ಕೆ ಕಡಿಮೆ, ಆದ್ದರಿಂದ ಲಾಟ್ ನೋಡಿ ಕೊಳ್ಳುವುದೇ ಇಲ್ಲಿ ಮುಖ್ಯ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ .22 ರೈಫಲಿನಲ್ಲೂ ಹನ್ನೆರಡು ಬೋರಿನ ಕೋವಿಯಲ್ಲೂ ನಡೆಯುತ್ತದೆ. ಅಲ್ಲಿಯವರಿಗೆ ತಮ್ಮ ಕೋವಿಗೆ ಯಾವ ತೋಟೆ ಆಗುತ್ತದೆಂಬುದು ಮನೆಮಾತು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕೌಲಾಲಂಪುರದಲ್ಲಿ ಏರ್ ರೈಫಲಿನಲ್ಲಿ 400ಕ್ಕೆ 400 ಅಂಕ ಪಡೆದರು. ಆ ಕ್ರೀಡೆಯಲ್ಲಿ ಪೆಲೆಟ್ ಡಬ್ಬಿಗಳನ್ನು 4.49, 4.50 ಮಿಲಿಮೀಟರ್ ಎಂದು ತಲೆಯ ಅಳತೆಯಿಂದ ವಿಂಗಡಿಸಿಯೇ ಮಾರುತ್ತಾರೆ. ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲಿನ ಕಂಚು ಗೆದ್ದ ಮೇಲೆ ನಮ್ಮ ಕರಾವಳಿಯ ಮಕ್ಕಳೂ .22 ಕಡೆಗೆ ನೋಡಬೇಕೆಂಬುದು ನನ್ನ ಆಸೆ.

ರೈಫಲ್ ಕಲಿಯುವ ಮಕ್ಕಳಿಗೂ ಅವರ ತಂದೆತಾಯಿಗೂ ಒಂದು ಮಾತು: ದುಬಾರಿ ತೋಟೆಯೇ ಒಳ್ಳೆಯದೆಂದು ಹಣ ಸುರಿಯಬೇಡಿ. ಅಧಿಕೃತ ರೇಂಜಿನಲ್ಲಿ, ತರಬೇತುದಾರರ ಎದುರಿನಲ್ಲೇ ಪರೀಕ್ಷಿಸಿ. ತೋಟೆ ಬದಲಿಸಿದಾಗ ಹಳೆಯ ಗುಂಡುಗಳಿಗೆ ಬಳಿದಿದ್ದ ಮೇಣ ಹೋಗಿ ಹೊಸದು ಬ್ಯಾರಲಿನಲ್ಲಿ ಕೂರುವ ತನಕ ಒಂದಷ್ಟು ಗುಂಡು ಹೊಡೆಯಿರಿ, ಆಮೇಲೆ ಹತ್ತರ ಗ್ರೂಪುಗಳನ್ನು ಹೊಡೆದು ಅಳೆಯಿರಿ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಯನ್ನು ಗ್ರೂಪಿನ ಅಳತೆಯ ಜೊತೆಗೆ ಬರೆದಿಡಿ, ಒಪ್ಪಿದರೆ ಅದೇ ಲಾಟಿನದನ್ನು ಕೊಳ್ಳಿ.