‘ಅಡ್ಡಿ ಇಲ್ರೀ’ ಎಂಬುದಕ್ಕೆ ಎಷ್ಟು ಅಂಕ?

ಇತ್ತೀಚೆಗೆ ಆಹಾರ ವಿಜ್ಞಾನದ ಒಂದು ವಿಚಾರ ಸಂಕಿರಣದಲ್ಲಿ ತರುಣ ಸಂಶೋಧಕರೊಬ್ಬರು ಮಾತನಾಡಿದರು. ಎಲೆಕ್ಟ್ರಾನಿಕ್ ನಾಲಿಗೆ ಬಂದಾಗಿದೆ, ಮನುಷ್ಯರಿಗೆ ತಿನ್ನಿಸಿ ಅಂಕ ಹಾಕಿಸುವ ಕಾಲ ಮುಗಿಯಿತು, ಸಂಖ್ಯಾಶಾಸ್ತ್ರದ ಕೆಲಸವನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂದರು. ಸಭೆ ತಲೆದೂಗಿತು. ಮೂರು ದಶಕಕ್ಕೂ ಹೆಚ್ಚು ಕಾಲ ರುಚಿಪರೀಕ್ಷೆಯ ಹಾಳೆಗಳ ನಡುವೆ ಬದುಕಿದ ನನಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಈ ವಿದ್ಯೆ ಎಲ್ಲಿಂದ ಬಂತು, ನಮ್ಮ ನಾಡಿನಲ್ಲಿ ಎಲ್ಲಿಯವರೆಗೆ ನಡೆಯಿತು, ಎಲ್ಲಿ ನಿಂತುಬಿಟ್ಟಿದೆ ಎಂದು ಬರೆದಿಡಬೇಕೆನಿಸಿದ್ದು ಅದರಿಂದಲೇ.

ಮೊದಲ ಅಧ್ಯಾಯ ಬಹಳ ಮಂದಿಗೆ ಗೊತ್ತು. ಹಾಲಿನ ಮೇಲೆ ಚಹಾ ಸುರಿದದ್ದೋ, ಚಹಾದ ಮೇಲೆ ಹಾಲು ಸುರಿದದ್ದೋ ಕುಡಿದೇ ಹೇಳಬಲ್ಲೆ ಎಂದ ಮಹಿಳೆಯ ಪ್ರಸಂಗವನ್ನು ಆರ್. ಎ. ಫಿಶರ್ 1935ರಲ್ಲಿ ತಮ್ಮ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ ಬಳಸಿಕೊಂಡರು. ಎಂಟು ಕಪ್ಪು; ನಾಲ್ಕು ಹೀಗೆ, ನಾಲ್ಕು ಹಾಗೆ. ಬರೀ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ 1. ಆಮೇಲೆ 1940ರ ದಶಕದಲ್ಲಿ ತ್ರಿಕೋನ ಪರೀಕ್ಷೆ ಬಂತು: ಮೂರು ಸ್ಯಾಂಪಲ್, ಎರಡು ಒಂದೇ, ಬೇರೆಯದನ್ನು ಹೆಕ್ಕಬೇಕು. 24 ಜನ ಕುಳಿತರೆ ಅದೃಷ್ಟದಿಂದಲೇ 8 ಜನ ಸರಿ ಹೇಳಿಯಾರು. ಅದು ಬರೀ ಅದೃಷ್ಟವಲ್ಲ ಎಂದು ನಾವು ನಂಬಬೇಕಾದರೆ ಕನಿಷ್ಠ 13 ಜನ ಸರಿ ಹೇಳಬೇಕು. ಅಮೆರಿಕದ ಸೈನ್ಯದ ಆಹಾರ ಸಂಸ್ಥೆ ಷಿಕಾಗೋದಲ್ಲಿ, ಇಷ್ಟಾನಿಷ್ಟವನ್ನು ಅಳೆಯುವ ಒಂಬತ್ತು ಅಂಕಗಳ ಹೆಡೋನಿಕ್ ಸ್ಕೇಲನ್ನು ಕಟ್ಟಿತು. ಅದರ ಮಾತು ಆಮೇಲೆ ಬರುತ್ತದೆ. 1965ರಲ್ಲಿ ಅಮೆರಿನ್, ಪ್ಯಾಂಗ್‌ಬಾರ್ನ್, ರೋಸ್ಲರ್ ಮೂವರೂ ಸೇರಿ ಈ ಕ್ಷೇತ್ರದ ಮೊದಲ ದೊಡ್ಡ ಪಠ್ಯವನ್ನು ತಂದರು. ಅದರಲ್ಲಿ ರೋಸ್ಲರ್ ಗಣಿತದವರು. ಅವರ ಹೆಸರು ಅಡಿಟಿಪ್ಪಣಿಗೆ ಸರಿಯದೆ ಮುಖಪುಟದಲ್ಲೇ ಇದೆ ಎಂಬುದು ನನ್ನಂಥ ಸಂಖ್ಯಾಶಾಸ್ತ್ರದವರಿಗೆ ಇಂದಿಗೂ ಧೈರ್ಯ ಕೊಡುವ ಸಂಗತಿ.

ನಮ್ಮ ದೇಶದ ಕೊಡುಗೆಯನ್ನು ಈ ಕಥೆಯಲ್ಲಿ ಸೇರಿಸುವುದು ಅಪರೂಪ. ನಾಲಿಗೆಗೆ ದಣಿವಿದೆ. ಏಳು ಬಗೆಯ ಉಪ್ಪಿನಕಾಯಿ ಮುಂದಿಟ್ಟರೆ ಮೂರನೆಯದರ ಹೊತ್ತಿಗೆ ಬಾಯಿ ಸೋಲುತ್ತದೆ. ಹಾಗಾಗಿ ಒಬ್ಬೊಬ್ಬರಿಗೆ ಮೂರು ಮಾತ್ರ ಕೊಟ್ಟು, ಏಳು ಜನರಲ್ಲಿ ಯಾವ ಎರಡು ಉಪ್ಪಿನಕಾಯಿಯೂ ಸರಿಯಾಗಿ ಒಮ್ಮೆ ಒಬ್ಬರ ತಟ್ಟೆಯಲ್ಲಿ ಎದುರಾಗುವಂತೆ ಹಂಚಬೇಕು. ಇಂಥ ಹಂಚಿಕೆಯನ್ನು ಸಂಖ್ಯಾಶಾಸ್ತ್ರಜ್ಞ ಯೇಟ್ಸ್ ಇಂಗ್ಲೆಂಡಿನಲ್ಲಿ ಮುಂದಿಟ್ಟರು. ಅವನ್ನು ಕಟ್ಟುವ ವಿದ್ಯೆಯನ್ನು 1939ರಲ್ಲಿ ಬೆಳೆಸಿದವರು ಕಲ್ಕತ್ತೆಯ ಆರ್. ಸಿ. ಬೋಸ್. ಅದೇ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1941ರಲ್ಲಿ ಬಂದು, ಮುಂದೆ 1947ರಲ್ಲಿ ಪ್ರಯೋಗಗಳನ್ನು ಸಮತೋಲವಾಗಿ ಹಂಚುವ ಆರ್ಥೋಗೋನಲ್ ಅರೇಗಳನ್ನು ಕೊಟ್ಟ ಸಿ. ಆರ್. ರಾವ್ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, 1920ರಲ್ಲಿ. ನಮ್ಮ ಗದಗ ಸೀಮೆಯಿಂದ ತುಂಗಭದ್ರೆ ದಾಟಿದರೆ ಹಡಗಲಿ. ಅಲ್ಲಿನ ಮುಶಿಗೇರಿ ಎಂಬ ಹಳ್ಳಿಯ ಹುಡುಗನಾಗಿ ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದುವಾಗ ಇದನ್ನು ತಿಳಿದು, ಹೊಳೆಯಾಚೆಯವರು ಮಾಡಿದ್ದನ್ನು ನಾವೂ ಮಾಡಬಹುದು ಅನ್ನಿಸಿತ್ತು.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಮನೆ ಸಿಕ್ಕಿದ್ದು ಮೈಸೂರಿನ ಚೆಲುವಾಂಬ ಮಹಲಿನಲ್ಲಿ. ಸಿಎಫ್‌ಟಿಆರ್‌ಐ ಎಂಬ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರ ಅಕ್ಟೋಬರಿನಲ್ಲಿ ಅಲ್ಲಿ ಶುರುವಾಯಿತು. ಡಿಎಫ್‌ಆರ್‌ಎಲ್ ಎಂಬ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಲ್ಲಿ ಅದೇ ಊರಿಗೆ ಬಂತು. ಸಿಎಫ್‌ಟಿಆರ್‌ಐ ಎಮ್ಮೆಹಾಲಿನಿಂದ ಶಿಶು ಆಹಾರ ತಯಾರಿಸಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಸಂಬಾರ ಪದಾರ್ಥಗಳ ರುಚಿಯನ್ನು ಅಳೆಯಲು ಅಲ್ಲಿ ನಡೆದ ಕೆಲಸವನ್ನು ಹೇಳುವವರು ಕಡಿಮೆ. ಅದರ ಕೇಂದ್ರದಲ್ಲಿದ್ದವರು ವಿ. ಎಸ್. ಗೋವಿಂದರಾಜನ್. ಕಾಳುಮೆಣಸು, ಅರಿಸಿನ, ಶುಂಠಿ, ಮೆಣಸಿನಕಾಯಿ ಒಂದೊಂದರ ಮೇಲೂ ಅವರು ಬರೆದ ದೀರ್ಘ ಸಮೀಕ್ಷೆಗಳನ್ನು ಪ್ರಪಂಚದಾದ್ಯಂತ ಓದಿದರು, ಇಂದಿಗೂ ಓದುತ್ತಾರೆ.

ಮೆಣಸಿನಕಾಯಿಯ ಖಾರವನ್ನೇ ನೋಡಿ. ಅಮೆರಿಕದ ವಿಲ್ಬರ್ ಸ್ಕೋವಿಲ್ 1912ರಲ್ಲಿ ಕೊಟ್ಟ ವಿಧಾನ ಸರಳ: ಖಾರದ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ ಹೋಗಿ, ಖಾರ ಇನ್ನೇನು ತಿಳಿದೂ ತಿಳಿಯದಂತಾಗುವ ಹಂತ ಹಿಡಿಯುವುದು; ಎಷ್ಟು ಪಟ್ಟು ತೆಳುವಾಗಿಸಿದೆವೋ ಅದೇ ಸ್ಕೋವಿಲ್ ಸಂಖ್ಯೆ. ಆದರೆ ಒಂದು ಪ್ರಯೋಗಾಲಯದ ಅಂಕಿಗೂ ಇನ್ನೊಂದರ ಅಂಕಿಗೂ ತಾಳೆಯಾಗುತ್ತಿರಲಿಲ್ಲ. ಗೋವಿಂದರಾಜನ್ ಮತ್ತು ಸಂಗಡಿಗರು 1977ರಲ್ಲಿ ಅದಕ್ಕೊಂದು ಕಟ್ಟುನಿಟ್ಟಿನ ಕ್ರಮ ಕೊಟ್ಟರು. ಎಷ್ಟು ಜನ ರುಚಿ ನೋಡಬೇಕು, ಎಷ್ಟು ಜನ ಹೌದೆಂದರೆ ಹೌದು, ಒಂದು ಗುಟುಕಿಗೂ ಇನ್ನೊಂದಕ್ಕೂ ಎಷ್ಟು ಬಿಡುವು ಎಂಬುದೆಲ್ಲ ಇಂಥ ಕ್ರಮದ ಜೀವಾಳ. ಇವು ರಸಾಯನಶಾಸ್ತ್ರದ ಪ್ರಶ್ನೆಗಳಲ್ಲ, ಲೆಕ್ಕದ ಪ್ರಶ್ನೆಗಳು. 1987ರಲ್ಲಿ ಮೆಣಸಿನಕಾಯಿಯ ಗುಣಮಟ್ಟದ ಮೇಲೆ ಬಂದ ಸಮೀಕ್ಷೆಯಲ್ಲಿ ಡಿ. ರಾಜಲಕ್ಷ್ಮಿ ಅವರ ಹೆಸರು ಗೋವಿಂದರಾಜನ್ ಅವರ ಹೆಸರಿನ ಪಕ್ಕದಲ್ಲಿದೆ. ನಾನು ಆ ಭಾಗವನ್ನು ಜೆರಾಕ್ಸ್ ಮಾಡಿಸಿಕೊಂಡು ಅಂಚು ಹರಿಯುವಷ್ಟು ಸಲ ಓದಿದ್ದೇನೆ.

ಯಂತ್ರವೇ ಸಾಕು ಎನ್ನುವವರಿಗೆ ಇಲ್ಲೇ ಉತ್ತರವಿದೆ. ಇಂದು ಎಚ್‌ಪಿಎಲ್‌ಸಿ ಯಂತ್ರ ಮೆಣಸಿನಕಾಯಿಯ ಖಾರದ ಮೂಲವಾದ ಕ್ಯಾಪ್ಸೈಸಿನ್ ಅಳೆದು, ಸ್ಕೋವಿಲ್ ಸಂಖ್ಯೆ ಬರೆದುಕೊಡುತ್ತದೆ. ಅಪ್ಪಟ ಕ್ಯಾಪ್ಸೈಸಿನ್‌ಗೆ ಸುಮಾರು 1.6 ಕೋಟಿ ಎಂಬ ಗುಣಕ ಅದಕ್ಕೆ ಎಲ್ಲಿಂದ ಬಂತು? ಮನುಷ್ಯರ ನಾಲಿಗೆಯಿಂದ. ಆ ಮೂಲ ಅಳತೆ ಕೆಟ್ಟಿದ್ದರೆ ಯಂತ್ರ ಕೊಡುವ ಪ್ರತಿ ಸಂಖ್ಯೆಯೂ ಅಷ್ಟೇ ಕೆಟ್ಟಿರುತ್ತದೆ.

ನಮ್ಮ ತಲೆಮಾರು ಕೆಲಸಕ್ಕೆ ಸೇರುವ ಹೊತ್ತಿಗೆ ಪ್ರಯೋಗಾಲಯಗಳಲ್ಲಿ ಬೂತುಗಳಿದ್ದವು, ಬಣ್ಣ ಮರೆಮಾಚುವ ಕೆಂಪು ದೀಪಗಳಿದ್ದವು, ಕಪ್ಪುಗಳ ಮೇಲೆ ಮೂರಂಕಿಯ ಸಂಕೇತಗಳಿದ್ದವು. ಸಂಖ್ಯಾಶಾಸ್ತ್ರದವನನ್ನು ಮಾತ್ರ ಎಲ್ಲ ಮುಗಿದ ಮೇಲೆ ಕರೆಯುತ್ತಿದ್ದರು. ನನ್ನ ಮೊದಲ ವರ್ಷದಲ್ಲೇ ಒಂದು ಕಡೆಯಿಂದ ಆರು ಖಾರದ ಪುಡಿಗಳ ಹಾಳೆಗಳ ಕಟ್ಟು ಬಂತು. ಒಂದು ತಿಂಗಳು ಪ್ಯಾನೆಲ್ ಕೂರಿಸಿ ಬರೆಸಿದ್ದು. ನೋಡಿದರೆ ಪ್ರತಿದಿನವೂ, ಪ್ರತಿಯೊಬ್ಬರಿಗೂ, ಒಂದೇ ಅನುಕ್ರಮ; ಅದೂ ಅತಿ ಖಾರದ ಪುಡಿಯೇ ಮೊದಲು. ಉಳಿದ ಐದಕ್ಕೆ ಬಿದ್ದ ಅಂಕಗಳು ಆ ಪುಡಿಗಳವೋ, ಉರಿಯುತ್ತಿದ್ದ ಬಾಯಿಯವೋ ಯಾವ ಸೂತ್ರ ಹಾಕಿದರೂ ಬೇರ್ಪಡಿಸಲಾಗದು. ಅಷ್ಟು ಜನ ಕಣ್ಣೀರು ಸುರಿಸಿ ಮಾಡಿದ ಕೆಲಸ ದಂಡವಾಯಿತು. ನಾನು ಹಾಗೆಂದು ಬರೆದುಕೊಟ್ಟೆ; ಆ ಬರಹ ಯಾರಿಗೂ ಹಿಡಿಸಲಿಲ್ಲ.

ಪರಿಹಾರ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಇ. ಜೆ. ವಿಲಿಯಮ್ಸ್ 1949ರಲ್ಲೇ ತೋರಿಸಿದ ಚೌಕ ಅದು. ನಾಲ್ಕು ಪುಡಿಗಳಿಗೆ ನಾಲ್ಕು ಅನುಕ್ರಮ ಸಾಕು: ಒಬ್ಬರಿಗೆ ಅ-ಬ-ಡ-ಕ, ಇನ್ನೊಬ್ಬರಿಗೆ ಬ-ಕ-ಅ-ಡ, ಮತ್ತೊಬ್ಬರಿಗೆ ಕ-ಡ-ಬ-ಅ, ನಾಲ್ಕನೆಯವರಿಗೆ ಡ-ಅ-ಕ-ಬ. ಬೆರಳಿಟ್ಟು ನೋಡಿ: ಪ್ರತಿ ಪುಡಿಯೂ ಪ್ರತಿ ಸ್ಥಾನದಲ್ಲಿ ಒಮ್ಮೆ ಬರುತ್ತದೆ, ಪ್ರತಿಯೊಂದೂ ಉಳಿದ ಮೂರರ ಬೆನ್ನಿಗೆ ಒಂದೊಂದು ಸಲ ಬರುತ್ತದೆ. ಹಿಂದಿನದರ ಉರಿ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಈ ಕ್ಷೇತ್ರದ ಅತ್ಯಂತ ಸುಂದರ ವಸ್ತು ಯಾವುದೆಂದು ಕೇಳಿದರೆ ನಾನು ಈ ನಾಲ್ಕು ಸಾಲುಗಳನ್ನೇ ಬರೆದು ತೋರಿಸುತ್ತೇನೆ. ಚಮಚ ಬಾಯಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು; ಯಾವ ಸಾಫ್ಟ್‌ವೇರೂ ಆಮೇಲೆ ಇದನ್ನು ತುಂಬಿಕೊಡಲಾರದು.

ಹಲವು ಪದಾರ್ಥಗಳ ಪ್ರಮಾಣವನ್ನು ಒಟ್ಟಿಗೆ ಬದಲಿಸಿ ಉತ್ತಮ ಮಿಶ್ರಣವನ್ನು ಹುಡುಕುವ ರೆಸ್ಪಾನ್ಸ್ ಸರ್ಫೇಸ್ ವಿಧಾನ ನಮ್ಮಲ್ಲಿ ಹಬ್ಬಿದ ರೀತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಾಕ್ಸ್ ಮತ್ತು ವಿಲ್ಸನ್ 1951ರಲ್ಲಿ ಕೊಟ್ಟದ್ದು ಒಳ್ಳೆಯ ಸಾಧನ. ವಿಭಾಗದ ಹತ್ತು ಸಹೋದ್ಯೋಗಿಗಳು ಕೊಟ್ಟ ‘ಒಟ್ಟಾರೆ ಒಪ್ಪಿಗೆ’ಯ ಅಂಕದ ಮೇಲೆ ಅದನ್ನು ನಿಲ್ಲಿಸುವುದು ಒಳ್ಳೆಯ ಕೆಲಸವಲ್ಲ. ಸರಾಸರಿಯ ಮೋಹವೂ ಅಂಥದ್ದೇ. ಹನ್ನೆರಡು ಜನ 8 ಕೊಟ್ಟು ಹನ್ನೆರಡು ಜನ 4 ಕೊಟ್ಟರೆ ಸರಾಸರಿ 6. ಆರು ಎಂದವರು ಆ ಕೋಣೆಯಲ್ಲಿ ಒಬ್ಬರೂ ಇಲ್ಲ.

ನಾನು ಅತಿ ಹೆಚ್ಚು ಗೌರವಿಸುವ ಕೆಲಸ ಜೋಳದ್ದು. ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ 1964ರಲ್ಲಿ ಬಿಡುಗಡೆಯಾಯಿತು. ಇಳುವರಿಯ ಲೆಕ್ಕ ಚೆನ್ನಾಗಿತ್ತು, ರೊಟ್ಟಿಯ ಲೆಕ್ಕ ಇಟ್ಟವರು ವಿರಳ. ರೋಣ, ಗಜೇಂದ್ರಗಡದ ಎರಿ ಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಮಾಲದಂಡಿ ಜೋಳದ ಮುಂದೆ ಹೈಬ್ರಿಡ್ ಜೋಳದ ರೊಟ್ಟಿ ನಿಲ್ಲುವುದಿಲ್ಲವೆಂದು ನಮ್ಮ ಹೆಣ್ಣುಮಕ್ಕಳಿಗೆ ಎಸರು ಹಾಕಿ ಹಿಟ್ಟು ನಾದುವಾಗಲೇ ಗೊತ್ತಾಗುತ್ತಿತ್ತು. ಹಿಟ್ಟಿಗೆ ಜಿಗಿ ಇಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ, ಸಂಜೆಗೆ ರೊಟ್ಟಿ ಬಿರುಸಾಗುತ್ತದೆ. ಇದನ್ನು ಅಳತೆಗೆ ತಂದವರು ಹೈದರಾಬಾದಿನ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನವರು. ಜೋಳದ ಗುಣಮಟ್ಟದ ಮೇಲೆ 1981ರಲ್ಲಿ ಅಲ್ಲಿ ನಡೆದ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಡಿ. ಎಸ್. ಮೂರ್ತಿ ಮತ್ತಿತರರು ಎಂ 35-1 ಮಾಲದಂಡಿಯನ್ನು ಒರೆಗಲ್ಲಾಗಿಟ್ಟು, ರೊಟ್ಟಿಯ ಬಣ್ಣ, ಮೆದುತನ, ರುಚಿ, ಇಟ್ಟರೆ ಉಳಿಯುವ ಗುಣ ಎಲ್ಲಕ್ಕೂ ಅಂಕ ಹಾಕುವ ಕ್ರಮ ಮಂಡಿಸಿದರು. ಅಡುಗೆಮನೆಯ ತಿಳಿವಳಿಕೆ ತಳಿಶಾಸ್ತ್ರದ ಕೋಷ್ಟಕಕ್ಕೆ ಹೀಗೆ ಹತ್ತಿತು.

ಅಲ್ಲಿಂದ ಮುಂದೆ ಆಗಬೇಕಿದ್ದದ್ದು ಆಗಿಲ್ಲ. ನಮ್ಮ ಹಾಳೆಗಳು ಇಂದಿಗೂ ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಇಳಿಯುತ್ತವೆ. ‘ಪಂಜೆನ್ಸಿ’ ಎಂಬಲ್ಲಿ ‘ಖಾರ’ ಎಂದು ಬರೆಯುತ್ತೇವೆ. ಒಗ್ಗರಣೆಗೆ ಬಿದ್ದ ಮೆಣಸಿನಕಾಯಿ ಮೂಗಿಗೆ ಅಡರುವುದು ಘಾಟು, ನಾಲಿಗೆ ಸುಡುವುದು ಖಾರ. ನಮ್ಮವರಿಗೆ ಇವೆರಡು ಬೇರೆ. ಬ್ಯಾಡಗಿಯದು ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಪುಡಿಗೆ ಅಂಕ ಹಾಕಲು ಕೂತವರು ಘಾಟನ್ನು ಎಲ್ಲಿ ಬರೆಯಬೇಕು? ಹಳೆಯ ಶೇಂಗಾದ ಕಮಟು, ತೇವ ಹಿಡಿದ ಹಿಟ್ಟಿನ ಮುಗ್ಗು, ಎಳೆ ಬಾಳೆಕಾಯಿಯ ಒಗರು ಇವಕ್ಕೆಲ್ಲ ಒಪ್ಪಿತವಾದ ಮಾದರಿ ಸ್ಯಾಂಪಲ್ ಇಟ್ಟು, ಇದನ್ನೇ ಹೀಗೆ ಕರೆಯುವುದು ಎಂದು ನಿಗದಿ ಮಾಡುವ ಕೆಲಸ ಬಾಕಿ ಇದೆ. ಭಾರತೀಯ ಮಾನಕ ಸಂಸ್ಥೆ ರುಚಿಪರೀಕ್ಷೆಗೆ ಮಾರ್ಗದರ್ಶಿ ತಂದದ್ದು 1971ರಲ್ಲಿ; ಇಷ್ಟು ವರ್ಷಗಳಾದರೂ ನಮ್ಮ ಪದಗಳ ಈ ಕೆಲಸ ಹಾಗೆಯೇ ಉಳಿದಿದೆ.

ಹೆಡೋನಿಕ್ ಸ್ಕೇಲಿನ ವಿಷಯದಲ್ಲಿ ಕೊರತೆ ಇನ್ನೂ ಆಳದ್ದು. 1955ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಜೋನ್ಸ್, ಪೆರಿಯಮ್, ಥರ್ಸ್ಟನ್ ಸುಮ್ಮನೆ ಒಂಬತ್ತು ಮಾತುಗಳನ್ನು ಆರಿಸಿಕೊಂಡವರಲ್ಲ. ಇಷ್ಟ, ಅನಿಷ್ಟ ಹೇಳುವ 51 ಪದ ಮತ್ತು ಪದಗುಚ್ಛಗಳನ್ನು ಸುಮಾರು 900 ಸೈನಿಕರ ಮುಂದಿಟ್ಟು, ಒಂದೊಂದು ಮಾತೂ ಎಷ್ಟು ತೂಗುತ್ತದೆ, ಕೇಳಿದವರೆಲ್ಲ ಅದನ್ನು ಒಂದೇ ಅರ್ಥದಲ್ಲಿ ಹಿಡಿಯುತ್ತಾರೆಯೇ ಎಂದು ಅಳೆದರು. ನಾವು ಅವರ ಉತ್ತರವನ್ನು ಅನುವಾದಿಸಿಕೊಂಡೆವು, ಅವರ ಪ್ರಶ್ನೆಯನ್ನು ನಮ್ಮ ಜನಕ್ಕೆ ಕೇಳಲಿಲ್ಲ. ‘ಮಧ್ಯಮ ಇಷ್ಟ’ ಎಂದು ಯಾವ ಕನ್ನಡಿಗನೂ ಉಂಡೆದ್ದು ಹೇಳುವುದಿಲ್ಲ. ನಮ್ಮ ಕಡೆ ಹೇಳುವುದು ‘ಅಡ್ಡಿ ಇಲ್ರೀ’. ಅದು 7 ಕೂಡ ಆಗಬಹುದು, 4 ಕೂಡ ಆಗಬಹುದು. ಯಾರು ಯಾರಿಗೆ ಹೇಳಿದರು, ಎರಡನೇ ರೊಟ್ಟಿಗೆ ಕೈ ಚಾಚಿ ಹೇಳಿದರೋ ಕೈ ತೊಳೆದು ಹೇಳಿದರೋ ಎಂಬುದರ ಮೇಲೆ ಅದರ ಬೆಲೆ.

ಒಮ್ಮೆ ಒಂದು ಹೊಸ ತಳಿಯ ಜೋಳದ ಹಿಟ್ಟನ್ನು ಮುಶಿಗೇರಿಗೆ ಒಯ್ದು ದೊಡ್ಡವ್ವನ ಮುಂದೆ ಇಟ್ಟೆ. ಬಡಿದಳು, ಸುಟ್ಟಳು, ಖಾರದ ಹಿಂಡಿ ಹಚ್ಚಿಕೊಂಡು ತಿಂದಳು. ಹ್ಯಾಂಗೈತಿ ಎಂದೆ. “ಅಡ್ಡಿ ಇಲ್ಲಪಾ” ಎಂದಳು. ಹಾಳೆಯಲ್ಲಿ 6 ಬರೆದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಉಳಿದ ಹಿಟ್ಟನ್ನು ಬಾನಿಯಲ್ಲಿ ಕಲಸಿ ಎಮ್ಮೆಯ ಮುಂದಿಟ್ಟಿದ್ದಳು. ಏಕೆ ದೊಡ್ಡವ್ವ ಎಂದರೆ, “ಅಷ್ಟ ದೂರದಿಂದ ಹೊತ್ತು ತಂದೀದಿ, ನಿನ್ನ ಮುಂದ ಹ್ಯಾಂಗ ಹೇಳ್ಲಿ?” ಎಂದಳು. ಜಗಲಿಯ ಮೇಲೆ ಕುಳಿತು 6ನ್ನು ಹೊಡೆದುಹಾಕಿದೆ. ಅಲ್ಲಿ ಏನು ಬರೆಯಬೇಕೆಂದು ತೋಚದೆ ಆ ಚೌಕವನ್ನು ಖಾಲಿ ಬಿಟ್ಟೆ. ಆ ಹಾಳೆ ಇನ್ನೂ ನನ್ನ ಬಳಿ ಇದೆ.