ಬಿದರಿಯ ಕಪ್ಪು: ತುಕ್ಕನ್ನು ಪಳಗಿಸಿದ ಕಸುಬು

ಬಿದರಿ ಸಾಮಾನಿನ ಮೈ ಸತುವಿನದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಬೆಳ್ಳಿಯ ಕುಸುರಿ ಕೂರಿಸಿ, ಕೊನೆಗೆ ಕಪ್ಪು ಹಿಡಿಸುತ್ತಾರೆ. ನೋಡುವವರ ಕಣ್ಣು ಬೆಳ್ಳಿಯ ಮೇಲೆ ನಿಂತರೂ ಆ ಬೆಳ್ಳಿಗೆ ಕಳೆ ಕೊಡುವುದು ಹಿನ್ನೆಲೆಯ ಕಡುಕಪ್ಪೇ. ಲೋಹದ ಮೇಲ್ಮೈಯನ್ನು ಬೇಕೆಂದೇ, ಬೇಕಾದಷ್ಟೇ ಕೆಡಿಸಿ ಆ ಬಣ್ಣವನ್ನು ಪಡೆಯುತ್ತಾರೆ. ಕಬ್ಬಿಣದ ಗೇಟನ್ನು ತಿಂದುಹಾಕುವ ತುಕ್ಕು ಯಾವ ಜಾತಿಯ ರಾಸಾಯನಿಕ ಕ್ರಿಯೆಯೋ ಬಿದರಿಯ ಕಪ್ಪೂ ಅದೇ ಜಾತಿಯದು.

ಕಸುಬಿನ ಹುಟ್ಟಿನ ಬಗ್ಗೆ ಬೀದರಿನಲ್ಲಿ ಬಳಕೆಯಲ್ಲಿರುವ ಕಥೆ ಬಹಮನಿ ಸುಲ್ತಾನರ ಕಾಲದ್ದು. 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ. ಅವನು ಕರೆಸಿಕೊಂಡ ಇರಾನಿನ ಕುಶಲಕರ್ಮಿ ಅಬ್ದುಲ್ಲಾ ಬಿನ್ ಕೈಸರ್ ಈ ವಿದ್ಯೆಯನ್ನು ಸ್ಥಳೀಯರಿಗೆ ಕಲಿಸಿದ ಎಂದು ಹೇಳಿಕೆ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಬಿದರಿ ಸಾಮಾನುಗಳನ್ನಾದರೋ ವಿದ್ವಾಂಸರು 16ನೇ ಶತಮಾನದ ಕೊನೆ ಅಥವಾ 17ನೇ ಶತಮಾನದ ಆರಂಭಕ್ಕೆ ಹಚ್ಚುತ್ತಾರೆ. ಅವುಗಳಲ್ಲಿ ಬಹುಪಾಲು ಹುಕ್ಕಾದ ಬುರುಡೆಗಳು. ಹೊಗೆಸೊಪ್ಪು ಪೋರ್ಚುಗೀಸರ ಮೂಲಕ ದಖ್ಖನಿಗೆ ಬಂದ ಬೆಳೆ. 1604ರ ಸುಮಾರಿಗೆ ಮೊಗಲ್ ದೂತ ಅಸದ್ ಬೇಗ್ ಅದನ್ನು ಬಿಜಾಪುರದಿಂದ ಒಯ್ದು ಅಕ್ಬರನಿಗೆ ತೋರಿಸಿದಾಗ ಮೊಗಲ್ ಆಸ್ಥಾನಕ್ಕೆ ಅದು ಹೊಸ ವಸ್ತುವಾಗಿತ್ತು. ಆದ್ದರಿಂದ ಬಹಮನಿಗಳ ಕಾಲದ ಹುಕ್ಕಾ ಎಂದು ಯಾರಾದರೂ ತೋರಿಸಿದರೆ ನಂಬುವುದು ಕಷ್ಟ. ಇರಾನಿನ ನಂಟಿಗೆ ವಿನ್ಯಾಸಗಳು ಸಾಕ್ಷಿ ಹೇಳುತ್ತವೆ. ಸತುವನ್ನೇ ಮೈಯಾಗಿಸಿಕೊಂಡ ಈ ವಿದ್ಯೆ ಮಾತ್ರ ಭಾರತದ್ದೇ ಎಂದು ಹೇಳಲು ಹೆಚ್ಚು ಕಾರಣಗಳಿವೆ.

ಮುಖ್ಯ ಕಾರಣ ಸತುವೇ. ಕಬ್ಬಿಣ, ತಾಮ್ರಗಳಂತೆ ಇದು ಕುಲುಮೆಯಲ್ಲಿ ಕರಗಿ ತಳಕ್ಕೆ ಇಳಿಯುವುದಿಲ್ಲ. ಸತುವಿನ ಅದಿರನ್ನು ಇದ್ದಿಲಿನೊಂದಿಗೆ ಕಾಯಿಸಿ ಲೋಹ ಬಿಡಿಸಲು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸತು ಕುದಿಯುವುದೋ 907 ಡಿಗ್ರಿಗೆ. ಹೀಗಾಗಿ ಅದಿರಿನಿಂದ ಹೊರಬೀಳುವಾಗಲೇ ಅದು ಆವಿಯಾಗಿರುತ್ತದೆ, ಗಾಳಿ ತಾಗಿದರೆ ಉರಿದು ಬಿಳಿಯ ಪುಡಿಯಾಗುತ್ತದೆ. ರಾಜಸ್ಥಾನದ ಉದಯಪುರದ ಹತ್ತಿರದ ಜಾವರದಲ್ಲಿ ಇದಕ್ಕೊಂದು ಉಪಾಯ ಹುಡುಕಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳಲ್ಲಿ ಅದಿರು ತುಂಬಿ, ಕುಲುಮೆಯಲ್ಲಿ ಬೋರಲು ನಿಲ್ಲಿಸಿ, ಆವಿ ಕೆಳಗಿನ ತಂಪು ಭಾಗಕ್ಕೆ ಇಳಿದು ಹನಿಗಟ್ಟುವಂತೆ ಮಾಡುತ್ತಿದ್ದರು. ಬಳಸಿ ಬಿಸಾಡಿದ ಮೂಸೆಗಳ ಗುಡ್ಡೆಗಳು ಅಲ್ಲಿ ಇಂದಿಗೂ ಇವೆ. ಯುರೋಪಿನಲ್ಲಿ ಸತುವಿನ ತಯಾರಿಕೆ ವ್ಯಾಪಾರದ ಮಟ್ಟ ಮುಟ್ಟಿದ್ದು 18ನೇ ಶತಮಾನದಲ್ಲಿ. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಪೇಟೆಂಟ್ ಪಡೆದದ್ದು 1738ರಲ್ಲಿ. ಅಷ್ಟರಲ್ಲಿ ಬಿದರಿಯ ಉತ್ತಮ ಕೆಲಸಗಳು ಆಗಿಹೋಗಿದ್ದವು. ಬೀದರಿನಲ್ಲಿ ಸತುವಿನ ಗಣಿ ಇಲ್ಲ. ಲೋಹ ಹೊರಗಿನಿಂದಲೇ ಬರಬೇಕಿತ್ತು. 17ನೇ ಶತಮಾನದಲ್ಲಿ ಚೀನಾದ ಸತು ಹಡಗುಗಳಲ್ಲಿ ಭಾರತದ ಬಂದರುಗಳಿಗೆ ಬರುತ್ತಿತ್ತು.

ಸಾಮಾನ್ಯವಾಗಿ ಹೇಳುವ ಪ್ರಮಾಣ 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಹಳೆಯ ಸಾಮಾನುಗಳಲ್ಲಿ ಸೀಸವೂ ಸಿಗುತ್ತದೆ. ಸತು 420 ಡಿಗ್ರಿಗೇ ಕರಗುವುದರಿಂದ ಎರಕ ಸುಲಭ. ಹರಳೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿಗೆ ಹೊಯ್ದು, ತಣಿದ ಮೇಲೆ ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ.

ಆಗ ಮೈ ಬೆಳ್ಳಗೆ ಹೊಳೆಯುತ್ತದೆ, ಅದರ ಮೇಲೆ ಕೆತ್ತಿದ ಗೆರೆ ಕಾಣುವುದಿಲ್ಲ. ಅದಕ್ಕಾಗಿ ತಾಮ್ರದ ಲವಣವಾದ ಮೈಲುತುತ್ತದ ನೀರನ್ನು ಸವರುತ್ತಾರೆ. ಸತುವಿನ ಪರಮಾಣು ತನ್ನ ಹೊರಕವಚದ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ನೀರಿನಲ್ಲಿದ್ದ ತಾಮ್ರದ ಅಯಾನು ಅವೆರಡನ್ನೂ ಪಡೆದು ಲೋಹವಾಗಿ ಸತುವಿನ ಮೇಲೆ ಕೂರುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳು ನೋಡುವ ಪಲ್ಲಟ ಕ್ರಿಯೆ ಇದೇ. ಹೀಗೆ ಕೂತ ತಾಮ್ರ ಬಹಳ ನವಿರಾದ ಪುಡಿಯಾದ್ದರಿಂದ ಕಪ್ಪಾಗಿ ಕಾಣುತ್ತದೆ. ಅದರ ಮೇಲೆ ಉಳಿಯಿಂದ ಹೂಬಳ್ಳಿ ಕೆತ್ತಿದರೆ ಒಳಗಿನ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಈ ಕಪ್ಪು ತಾತ್ಕಾಲಿಕ, ಕೆತ್ತನೆ ಮುಗಿದ ಮೇಲೆ ಉಜ್ಜಿದರೆ ಹೋಗುತ್ತದೆ.

ಕೆತ್ತಿದ ಗೀರುಗಳಿಗೆ ಬೆಳ್ಳಿಯ ಎಳೆ ಕೂರಿಸಿ ಸುತ್ತಿಗೆಯಿಂದ ಬಡಿಯುವುದು ತಾರ್‌ಕಶಿ. ಬೆಳ್ಳಿಯ ತಗಡನ್ನು ಹೂವಿನೆಸಳಿನ ಆಕಾರಕ್ಕೆ ಕತ್ತರಿಸಿ, ಅಳತೆಗೆ ತೋಡಿದ ಗುಳಿಗಳಲ್ಲಿ ಹುದುಗಿಸುವುದು ತೆಹ್‌ನಿಶಾನ್. ಬೆಸುಗೆ, ಅಂಟು ಯಾವುದೂ ಇಲ್ಲ. ಮೆದು ಬೆಳ್ಳಿ ಏಟಿಗೆ ಹರಡಿ ಗುಳಿಯ ಅಂಚನ್ನು ಕಚ್ಚಿಕೊಳ್ಳುತ್ತದೆ.

ಕೊನೆಯದು ಕಪ್ಪು ಹಿಡಿಸುವ ಹಂತ. ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಕಲಸಿ ಬಿಸಿ ಮಾಡಿ ಸಾಮಾನಿಗೆ ಹಚ್ಚುತ್ತಾರೆ. ನೋಡುತ್ತಿದ್ದಂತೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲೆಕ್ಟ್ರಾನು ಬಿಟ್ಟುಕೊಡುವ ಆತುರ ಲೋಹಲೋಹಕ್ಕೂ ಬೇರೆ. ಅದನ್ನು ಅಳೆಯುವ ಪಟ್ಟಿಯಲ್ಲಿ ಸತು ಸೊನ್ನೆಗಿಂತ 0.76 ವೋಲ್ಟ್ ಕೆಳಗಿದೆ, ತಾಮ್ರ 0.34 ಮೇಲೆ, ಬೆಳ್ಳಿ 0.80 ಮೇಲೆ. ಕೆಳಗಿದ್ದಷ್ಟೂ ಲೋಹ ಬೇಗ ಕೊರೆದುಹೋಗುತ್ತದೆ. ಕಬ್ಬಿಣದ ತಗಡಿಗೆ ಸತುವಿನ ಲೇಪ ಕೊಡುವುದೂ ಇದೇ ಗುಣದಿಂದ. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನವಸಾಗರದ ಕ್ಲೋರೈಡು ಸತುವಿನ ರಕ್ಷಣೆಯ ಪೊರೆಯನ್ನು ಬಿಡಿಸಿ ಹಾಕುತ್ತದೆ. ಸತು ಕರಗಿ ಹೋಗಿ, ಅದರಲ್ಲಿ ಅಡಗಿದ್ದ ತಾಮ್ರ ಮೇಲ್ಮೈಯಲ್ಲಿ ಉಳಿದು ಕಪ್ಪು ಪದರ ಕಟ್ಟುತ್ತದೆ. 1987ರಲ್ಲಿ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಪ್ರಕಟಿಸಿದ ಅಧ್ಯಯನವೂ ಕಪ್ಪಿನ ಗುಟ್ಟು ತಾಮ್ರದಲ್ಲಿದೆ ಎಂದೇ ತೋರಿಸಿತು. ಬರೀ ಸತುವಿಗೆ ಈ ಬಣ್ಣ ಬರುವುದಿಲ್ಲ.

ಹಾಗಾದರೆ ಕೋಟೆಯ ಮಣ್ಣಿನ ಪಾತ್ರವೇನು? ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಬೇಕು ಎನ್ನುವ ಕಸುಬುದಾರರು ಅದನ್ನು ನಾಲಗೆಗೆ ಹಚ್ಚಿ ಪರೀಕ್ಷಿಸುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಹಳೆಯ ಕಟ್ಟಡಗಳಲ್ಲಿ ಸೇರಿದ ಹಿಕ್ಕೆ, ಗಂಜಲ, ಕಸ ಕೊಳೆತು ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಲವಣಗಳಾಗುತ್ತವೆ. ಪೆಟ್ಲುಪ್ಪು ಅಂಥದ್ದೇ ಲವಣ. ಇವು ನೀರಿನಲ್ಲಿ ಬೇಗ ಕರಗುವುದರಿಂದ ಮಳೆ ಬಿದ್ದ ಮಣ್ಣಿನಲ್ಲಿ ಉಳಿಯುವುದಿಲ್ಲ, ಸೂರಿನ ಕೆಳಗಿನ ಮಣ್ಣಿನಲ್ಲಿ ಉಳಿಯುತ್ತವೆ. ಲೋಹವನ್ನು ಉತ್ಕರ್ಷಿಸಲು ನೈಟ್ರೇಟ್ ನೆರವಾಗುತ್ತದೆ. ನಾಲಗೆ ಗುರುತಿಸುವುದು ಆ ಲವಣದ ರುಚಿಯನ್ನು. ಆದರೆ ಬೀದರಿನ ಮಣ್ಣಿಗೆ ಬೇರೆಲ್ಲೂ ಇಲ್ಲದ ಶಕ್ತಿಯಿದೆ ಎಂಬ ಮಾತನ್ನು ಪೂರ್ತಿ ಒಪ್ಪಲಾಗದು. ಲಖನೌ, ಈಗಿನ ಬಿಹಾರದ ಪೂರ್ಣಿಯಾ ಮತ್ತು ಬಂಗಾಳದ ಮುರ್ಷಿದಾಬಾದುಗಳಲ್ಲಿಯೂ ಬಿದರಿ ಸಾಮಾನು ತಯಾರಾಗುತ್ತಿತ್ತು.

ನಿಜಾಮರ ಆಳ್ವಿಕೆಯಲ್ಲಿ ಹುಕ್ಕಾ, ಪಾನ್‌ದಾನ್, ಹೂಜಿಗಳಿಗೆ ಶ್ರೀಮಂತರ ಮನೆಗಳಿಂದ ಬೇಡಿಕೆಯಿತ್ತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಿದರಿ ಕೆಲಸ ಯುರೋಪಿನವರ ಕಣ್ಣಿಗೆ ಬಿತ್ತು. ಹುಕ್ಕಾ ಸೇದುವವರು ಕಡಿಮೆಯಾದಂತೆ ಕಸುಬು ಹೂದಾನಿ, ಡಬ್ಬಿ, ಬಳೆ, ನೆನಪಿನ ಕಾಣಿಕೆಗಳತ್ತ ಹೊರಳಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸರಕಾರಿ ಮಳಿಗೆಗಳು ಮಾರುಕಟ್ಟೆ ಒದಗಿಸಿದವು. ಬಿದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು.

ಮನೆಯಲ್ಲಿ ಬಿದರಿ ಸಾಮಾನು ಇದ್ದವರು ಅದನ್ನು ಹಿತ್ತಾಳೆ ಪಾತ್ರೆಯಂತೆ ಹುಣಿಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಬಾರದು. ಹುಳಿಗೆ ಕಪ್ಪು ಪದರ ಕಿತ್ತುಹೋಗಿ ಒಳಗಿನ ಸತು ಬೂದಿಬಣ್ಣಕ್ಕೆ ತಿರುಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಆಗಾಗ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.