ಕಾದಿಟ್ಟ ಆರು ದೀಪ

2006ರ ದೀಪಾವಳಿಯ ಮುಂಚೆ ದಾವಣಗೆರೆಯ ಒಂದು ಸೀರೆ ಅಂಗಡಿಗೆ 24 ಸಿಎಫ್‌ಎಲ್ ಕೊಟ್ಟಿದ್ದೆ. ಮರುದಿನ ನಾನು ಷಟರ್ ಎತ್ತುವ ಹೊತ್ತಿಗೆ ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು. "ಏನ್ ದೀಪ ಕೊಟ್ಟಿಯೋ ಮಾರಾಯಾ? ಒಂದು ಹಸಿರು ಹೊಡಿತೈತಿ, ಇನ್ನೊಂದು ಗುಲಾಬಿ ಹೊಡಿತೈತಿ!"

ಹೋಗಿ ನೋಡಿದೆ. ಎಲ್ಲದರ ಬುಡದಲ್ಲೂ 865 ಎಂದೇ ಅಚ್ಚಾಗಿತ್ತು. 8 ಎಂದರೆ ಬಣ್ಣ ತೋರಿಸುವ ಗುಣ ನೂರಕ್ಕೆ ಎಂಬತ್ತರ ಮೇಲೆ, 65 ಎಂದರೆ 6500 ಕೆಲ್ವಿನ್, ನಾವು ಅಂಗಡಿಯವರು ಬಿಳಿ ಬೆಳಕು ಅನ್ನುವುದು. ಒಂದೊಂದಾಗಿ ನೋಡಿದರೆ ಎಲ್ಲವೂ ಬಿಳಿಯೇ. ಸಾಲಾಗಿ ನೋಡಿದರೆ ಸಾಹುಕಾರರ ಮಾತು ದಿಟ. ಗಿಳಿಹಸಿರಿಗೂ ಎಲೆಹಸಿರಿಗೂ ಇರುವ ಅಂತರದಲ್ಲೇ ಅನ್ನ ದುಡಿದ ಕಣ್ಣು ಅದು, ತಪ್ಪುತ್ತದೆಯೇ?

ಬುರುಡೆ ಬಲ್ಬಿನ ಕಾಲದಲ್ಲಿ ಈ ತಕರಾರು ಬಂದದ್ದಿಲ್ಲ. ಕಾದ ತಂತಿಯ ಬೆಳಕಿಗೆ ಅದರ ಕಾವೇ ಬಣ್ಣ ಕೊಡುತ್ತದೆ. ಸಿಎಫ್‌ಎಲ್‌ನಲ್ಲಿ ಬೆಳಗುವುದು ಗಾಜಿನ ಒಳಮೈಗೆ ಬಳಿದ ಪುಡಿ. ಪಾದರಸದ ಆವಿಯಿಂದ ಹೊರಟ ಅತಿನೇರಳೆ ಕಿರಣ ತಾಗಿ ಅದು ಹೊಳೆಯುತ್ತದೆ. 1940ರ ದಶಕದಿಂದ ಟ್ಯೂಬ್‌ಲೈಟಿಗೆ ಬಳಿಯುತ್ತಿದ್ದ ಹ್ಯಾಲೋಫಾಸ್ಫೇಟ್ ಪುಡಿ ಸಣ್ಣ ಕೊಳವೆಯೊಳಗಿನ ಆ ಹೊಡೆತಕ್ಕೆ ಬೇಗ ಸೋಲುತ್ತಿತ್ತು. 1970ರ ದಶಕದಲ್ಲಿ ಕೆಂಪು, ಹಸಿರು, ನೀಲಿ ಮೂರು ಬೇರೆಬೇರೆ ಪುಡಿ ಬೆರೆಸುವ ವಿದ್ಯೆ ಬಂತು. ಕೆಂಪಿಗೆ ಯುರೋಪಿಯಂ ಸೇರಿಸಿದ ಯಿಟ್ರಿಯಂ ಆಕ್ಸೈಡ್, ಹಸಿರಿಗೆ ಟರ್ಬಿಯಂ, ನೀಲಿಗೆ ಮತ್ತೆ ಯುರೋಪಿಯಂ. ಇವು ತಾಳಿಕೊಂಡದ್ದರಿಂದಲೇ ಕೊಳವೆಯನ್ನು ಸಣ್ಣದು ಮಾಡಿ ಮಡಿಚಲು ಆಯಿತು. 1980ರಲ್ಲಿ ಫಿಲಿಪ್ಸ್‌ನ ಎಸ್‌ಎಲ್ ದೀಪ ಬಂದದ್ದು ಹಾಗೆ. ಸುರುಳಿ ಆಕಾರವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಎಡ್ವರ್ಡ್ ಹ್ಯಾಮರ್ 1976ರಲ್ಲೇ ಮಾಡಿ ತೋರಿಸಿದ್ದರು. ಅದನ್ನು ತಯಾರಿಸುವ ಯಂತ್ರಗಳ ಖರ್ಚಿಗೆ ಅಂಜಿ ಕಂಪನಿ ಸುಮ್ಮನಾಯಿತು.

ಆದರೆ ಮೂರು ಪುಡಿ ಬೆರೆಸುವುದೆಂದರೆ ಸಾರಿನಪುಡಿ ಮಾಡಿದ ಹಾಗೆ. ಅಳತೆ ಅದೇ, ಕೈ ಅದೇ, ಈ ಸಲದ್ದು ಹೋದ ಸಲದಂತಿರುವುದಿಲ್ಲ. ಹಸಿರು ಪುಡಿ ಚೂರು ಹೆಚ್ಚಾದರೂ ಸಾಕು, ಇಡೀ ಪೆಟ್ಟಿಗೆ ಪಾಚಿ ಬಣ್ಣಕ್ಕೆ ವಾಲುತ್ತದೆ.

ಎಷ್ಟು ವಾಲಿದರೆ ತಪ್ಪು? ಅದಕ್ಕೂ ಅಳತೆಗೋಲು ಉಂಟು. 1942ರಲ್ಲಿ ಕೊಡಾಕ್ ಕಂಪನಿಯ ಡೇವಿಡ್ ಮ್ಯಾಕ್‌ಆಡಮ್ ಒಬ್ಬನೇ ವೀಕ್ಷಕನನ್ನು ಕೂರಿಸಿಕೊಂಡು 25 ಬಣ್ಣಗಳನ್ನು ಸುಮಾರು 25,000 ಸಲ ಸರಿಹೊಂದಿಸಲು ಹೇಳಿದರು. ಅವನ ಕೈ ಎಷ್ಟೆಷ್ಟು ಆಚೀಚೆ ಆಯಿತೋ ಅದನ್ನು ಬಣ್ಣದ ನಕ್ಷೆಯ ಮೇಲೆ ದೀರ್ಘವೃತ್ತಗಳಾಗಿ ಬರೆದರು. ಅಂಥ ಒಂದು ವೃತ್ತಕ್ಕೆ ಒಂದು ಮೆಟ್ಟಿಲೆಂದು ಲೆಕ್ಕ. ಕರೆಂಟು ಉಳಿಸುವ ಸಾಮಾನಿಗೆ ಮುದ್ರೆ ಒತ್ತುವ ಅಮೆರಿಕದ ಎನರ್ಜಿ ಸ್ಟಾರ್ ಯೋಜನೆ ಸಿಎಫ್‌ಎಲ್‌ಗೆ 7 ಮೆಟ್ಟಿಲು ಬಿಟ್ಟುಕೊಟ್ಟಿತು. ಒಂದು ದೀಪ ಈ ಅಂಚಿಗೆ, ಇನ್ನೊಂದು ಆ ಅಂಚಿಗೆ ನಿಂತರೂ ಎರಡೂ ಪಾಸು! ಯಾರೋ ಒಬ್ಬನ ಕಣ್ಣಿನಿಂದ ಹೊರಟ ಲೆಕ್ಕವನ್ನು ದಾವಣಗೆರೆಯ ಸಾಹುಕಾರರು ಯಾಕೆ ಒಪ್ಪಬೇಕು?

ನಾನು ಒಂದೇ ಬ್ಯಾಚಿನ 60 ದೀಪ ತರಿಸಿದೆ. ಟೆಸ್ಟಿಂಗ್ ಬೋರ್ಡಿಗೆ ಹಾಕಿ ಒಂದೊಂದನ್ನೂ ಹತ್ತು ನಿಮಿಷ ಉರಿಸಿದೆ, ಕೊಳವೆ ಬಿಸಿಯಾಗಿ ಪಾದರಸ ಆವಿಯಾಗುವವರೆಗೆ ಅದರ ನಿಜವಾದ ಬಣ್ಣ ಕಾಣುವುದಿಲ್ಲ. ಸಾಹುಕಾರರೇ ಸ್ಟೂಲ್ ಹಾಕಿಕೊಂಡು ಕೂತು ಆರಿಸಿದರು. ಒಪ್ಪಿಗೆಯಾದ 30ರಲ್ಲಿ 24 ಅಂಗಡಿಗೆ ಹೋದವು. ಆರನ್ನು ನಾನು ಮುಂದಕ್ಕೆ ಬೇಕಾದೀತೆಂದು ಪೆನ್ನಿನಲ್ಲಿ ಅಂಗಡಿಯ ಹೆಸರು ಬರೆದು ಎತ್ತಿಟ್ಟೆ. ಇಷ್ಟಾದರೂ ಸೀರೆ ಕೊಳ್ಳುವ ಹೆಂಗಸರು ಸೆರಗನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡುವುದನ್ನೇನೂ ಬಿಡಲಿಲ್ಲ.

ಎರಡು ವರ್ಷದ ಮೇಲೆ ಒಂದು ದೀಪ ಹೋಯಿತು. ಕಾದಿಟ್ಟ ಆರರಲ್ಲಿ ಒಂದನ್ನು ತೆಗೆದುಕೊಂಡು ಹೆಮ್ಮೆಯಿಂದಲೇ ಹೋಗಿ ಹಾಕಿದೆ. ಸಾಲಿನಲ್ಲಿ ಅದೊಂದೇ ನೀಲಿಯಾಗಿ ಎದ್ದು ಕಂಡಿತು. ಉರಿದು ಉರಿದು ಮೂರರಲ್ಲಿ ನೀಲಿ ಪುಡಿ ಬೇಗ ಸೊರಗುತ್ತದೆ. ಹಳೆಯ 23 ದೀಪಗಳು ಒಟ್ಟಿಗೇ ಹಳದಿಗೆ ತಿರುಗಿದ್ದವು, ಒಟ್ಟಿಗೇ ತಿರುಗಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಾಹುಕಾರರು ಕತ್ತೆತ್ತಿ ನೋಡಿ, "ಅದನ್ನ ಗೋಡೌನಿಗೆ ಹಾಕು" ಅಂದರು.

ಉಳಿದ ಐದು ಈಗಲೂ ನಮ್ಮ ಅಂಗಡಿಯ ಅಟ್ಟದ ಮೇಲಿವೆ.